ಯಾರಿಗೆ ಮುಟ್ಟಿತು ನೋಟಿಸು?

ಹಗರಿಬೊಮ್ಮನಹಳ್ಳಿಯ ಹೊರವಲಯದ ಒಂದು ಬಡಾವಣೆ. ಇಲ್ಲಿ ನಿವೇಶನ ಕೊಂಡವರಲ್ಲಿ ಹಂಪಸಾಗರ, ಕೊಟ್ಟೂರು, ಹೂವಿನಹಡಗಲಿ ಕಡೆಯವರೇ ಹೆಚ್ಚು. ಕೂಡ್ಲಿಗಿ, ಹರಪನಹಳ್ಳಿಯಿಂದ ವರ್ಗವಾಗಿ ಬಂದು ನೆಲೆ ನಿಂತ ನೌಕರರೂ ಇದ್ದಾರೆ. ಇವರದೊಂದು ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘವಿದೆ. ಬರುವ ವಾರ್ಷಿಕ ಸಭೆಗೆ ಒಂದು ಠರಾವು ಬಂದಿದೆ: ಸಂಘದ ನೋಟಿಸು, ಲೆಕ್ಕಪತ್ರ, ತೀರ್ಮಾನ ಎಲ್ಲವನ್ನೂ ಇನ್ನು ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಸಾಕು, ಮನೆಮನೆಗೆ ನೋಟಿಸು ಪುಸ್ತಕ ಕಳಿಸುವುದು ಬೇಡ. ಠರಾವು ತಂದವಳು ಈಗಿನ ಕಾರ್ಯದರ್ಶಿ. ಪೇಟೆಯಲ್ಲಿ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಂಗಡಿ ನಡೆಸುವ ಯುವತಿ. ವಿರೋಧಿಸುತ್ತಿರುವವರು ಸಂಘ ಕಟ್ಟಿದ ನಿವೃತ್ತ ಶಿಕ್ಷಕರು. ಹೈಸ್ಕೂಲಿನಲ್ಲಿ ಅವಳಿಗೆ ಪಾಠ ಹೇಳಿದವರು. ಇಬ್ಬರೂ ಹಂಪಸಾಗರದವರು, ಇಬ್ಬರೂ ಬಡಾವಣೆಗಾಗಿ ದುಡಿದವರು. ಅವರ ಮಾತನ್ನು ಆದಷ್ಟು ಹಾಗೆಯೇ ಬರೆದಿದ್ದೇನೆ.

ಹಿರಿಯರು: ನೋಟಿಸು ಪುಸ್ತಕ ನಿಲ್ಲಿಸಬೇಕು ಅಂತ ಬರ್ದೀಯಲ್ಲವ್ವಾ, ಅದ್ರಾಗ ಏನು ತಪ್ಪು ಕಂಡಿ?

ಕಾರ್ಯದರ್ಶಿ: ತಪ್ಪಲ್ರಿ ಸರ, ತಡ. ನೂರಾ ಮೂವತ್ತು ಮನಿ. ಹುಡುಗ ಪುಸ್ತಕ ಹಿಡ್ಕೊಂಡು ಎಲ್ಲಾ ಕ್ರಾಸ್ ಸುತ್ತಿ ಬರೋದ್ರಾಗ ನಾಕು ದಿನ ಆಗ್ತಾವು. 2025ರ ಫೆಬ್ರುವರಿ ನೆನಪು ಮಾಡ್ಕೋರಿ. ಅನಧಿಕೃತ ಬಡಾವಣೆಯ ಆಸ್ತಿಗೆ ಬಿ-ಖಾತಾ ಕೊಡ್ತೀವಿ, ಮೂರು ತಿಂಗಳು ಅಭಿಯಾನ ಅಂತ ಸರ್ಕಾರ ಹೇಳಿದಾಗ, ಕ್ರಯಪತ್ರ, ಇ.ಸಿ., ತೆರಿಗಿ ರಸೀದಿ ತಗೊಂಡು ಬರ್ರಿ ಅಂತ ಮುಂಜಾನೆ ಗ್ರೂಪಿಗೆ ಹಾಕಿದೆ. ಮಧ್ಯಾಹ್ನಕ್ಕ ಅಂಗಡಿ ಮುಂದ ಸಾಲು ನಿಂತಿತ್ತು. ಕಡೀ ಸಾಲಿನ ಮನಿಯವ್ರು ಮಂಡ್ಯದ ಕಡೆ ಕಬ್ಬು ಕಡಿಯಾಕ ಗುಳೆ ಹೋಗಿದ್ರು. ಅಲ್ಲಿಂದಾನ ಕ್ರಯಪತ್ರದ ಫೋಟೊ ಕಳಿಸಿದ್ರು. ನಿಮ್ಮ ಪುಸ್ತಕ ಹೋಗಿದ್ರ ಅವ್ರ ಬಾಗಲಿನ ಬೀಗ ನೋಡ್ಕೊಂಡು ವಾಪಸ್ ಬರ್ತಿತ್ತು.

ಹಿರಿಯರು: ಅದನ್ನ ನಾನು ಒಪ್ತೀನಿ. ನೀರು ಯಾವಾಗ ಬಿಡ್ತಾರ, ಜೆಸ್ಕಾಂನವ್ರು ಕರೆಂಟ್ ಯಾವಾಗ ತಗೀತಾರ, ಪುರಸಭೆ ಗಾಡಿ ಕಸಕ್ಕ ಎಷ್ಟೊತ್ತಿಗೆ ಬರ್ತೈತಿ, ಎಲ್ಲಾ ಫೋನಿಗೆ ಬರ್ಲಿ. ಆದ್ರ ಸಂಘ ತಿಂಗಳ ವಂತಿಗೆ ಏರಿಸ್ತೀವಿ ಅಂದಾಗ, ಪಾರ್ಕಿನ ಜಾಗದಾಗ ಏನೋ ಕಟ್ತೀವಿ ಅಂದಾಗ, ಪ್ರತಿ ಮನೀನೂ ಕೇಳಬೇಕಾಗ್ತೈತಿ. ಕೇಳೀವಿ ಅನ್ನೋದಕ್ಕ ಗುರುತು ಬೇಕು. ಅದಕ್ಕ ಆ ಪುಸ್ತಕ.

ಕಾರ್ಯದರ್ಶಿ: ಗ್ರೂಪಿನಾಗೂ ಗುರುತು ಐತ್ರಿ. ಮೆಸೇಜ್ ಒತ್ತಿ ಹಿಡೀರಿ, ಮಾಹಿತಿ ನೋಡ್ರಿ. ಯಾರು ಓದಿದ್ರು, ಯಾರಿಗೆ ಬರೇ ಮುಟ್ಟೈತಿ, ಹೊತ್ತಿನ ಸಮೇತ ತೋರಸ್ತೈತಿ. ನಿಮ್ಮ ಪುಸ್ತಕ ಇಷ್ಟು ಹೇಳ್ತೈತೇನ್ರಿ?

ಹಿರಿಯರು: ಮುಟ್ಟೈತಿ ಅಂದ್ರ ಫೋನಿಗೆ ಮುಟ್ಟೈತಿ. ನಮ್ಮಪ್ಪ ಒಂದು ಮಾತು ಹೇಳ್ತಿದ್ದ. ತುಂಗಭದ್ರಾ ಡ್ಯಾಮಿನ ಕೆಲಸ 1945ರಾಗ ಶುರುವಾತು, 1953ಕ್ಕ ನೀರು ನಿಂತವು. ಹೊಳಿ ದಂಡೀ ಹಳ್ಳಿಗಳಿಗೆ ಮುಳುಗಡೆ ಸುದ್ದಿ ಬಂದದ್ದು ಡಂಗುರದಾಗ. ಡಂಗುರದವ ಓಣಿ ನಡುವೆ ನಿಂತು ಬಡದು, ಕೂಗಿ, ಮುಂದಿನ ಓಣಿಗೆ ಹೋದ. ಹೊಲದಾಗ ಇದ್ದೋರಿಗೆ, ಬೀಗರ ಊರಿಗೆ ಹೋದೋರಿಗೆ ಯಾವ ದಿನ ಯಾವ ಕಚೇರಿಗೆ ಹೋಗಬೇಕು ಅನ್ನೋದು ತಿಳೀಲೇ ಇಲ್ಲ. ಆಮ್ಯಾಲ ಕೇಳಾಕ ಹೋದ್ರ, ನಿಮ್ಮೂರಾಗ ಸಾರಿಸೀವಲ್ಲ ಅಂದ್ರಂತ. ಸಾರಿದವನ ಕೆಲಸ ಅಲ್ಲಿಗೆ ಮುಗೀತು. ಕೇಳಿಸ್ಕೊಂಡನೋ ಇಲ್ಲೋ ನೋಡೋದು ಯಾರ ಕೆಲಸಾನೂ ಆಗಲಿಲ್ಲ. ನಿನ್ನ ಠರಾವಿನಾಗ ‘ಹಾಕಿದರೆ ಸಾಕು’ ಅಂತ ಐತಲ್ಲ, ಅದನ್ನ ಓದಿದಾಗ ನನಗ ಅದ ನೆನಪಾತು.

ಕಾರ್ಯದರ್ಶಿ: ಆ ನೋವು ನಮ್ಮ ಮನಿಯಾಗೂ ಐತ್ರಿ ಸರ. ಆದ್ರ ಅವತ್ತು ಹೊಲದಾಗ ಇದ್ದೋನ ಕೈಯಾಗ ಫೋನ್ ಇದ್ದಿದ್ರ?

ಹಿರಿಯರು: ತಿಳೀತಿತ್ತು. ಇಲ್ಲ ಅನ್ನಂಗಿಲ್ಲ. ಆದ್ರ ಈಗ ನಿನ್ನ ಫೋನಿನ ಆ ಪಟ್ಟಿ ನನಗ ತೋರಿಸು. ಓದಿದೋರ ಹೆಸರು ನೋಡು. ಎಷ್ಟು ಹೆಣ್ಮಕ್ಕಳು ಅದಾರ?

(ಅವಳು ತೋರಿಸಿದಳು. ನಾನೂ ಬಗ್ಗಿ ನೋಡಿದೆ. ಮನೆಗೊಂದು ನಂಬರು ಎಂಬ ನಿಯಮದಲ್ಲಿ ಕಟ್ಟಿದ ಗ್ರೂಪು ಅದು. ಹೆಸರುಗಳು ಬಹುತೇಕ ಗಂಡಸರವು.)

ಹಿರಿಯರು: ಗಂಡ ಬಳ್ಳಾರಿಯಾಗ ಡ್ಯೂಟಿ ಮ್ಯಾಲ ಇರ್ತಾನ, ನೀರಿನ ಮೆಸೇಜು ಅವನ ಕಿಸೇದಾಗ ಇರ್ತೈತಿ. ಕೊಡ ಹಿಡ್ಕೊಂಡು ನಿಲ್ಲಾಕಿ ಮನಿಯಾಗ. ಓದೈತಿ ಅಂತ ನಿನ್ನ ಪಟ್ಟಿ ಹೇಳ್ತೈತಿ.

ಕಾರ್ಯದರ್ಶಿ: ಪುಸ್ತಕದಾಗ ಸಹಿ ಯಾರ್ದು ಇರ್ತಿತ್ರಿ? ನಾನು ಕಾರ್ಯದರ್ಶಿ ಆದ ಮ್ಯಾಲ ಹಳೇ ಪುಸ್ತಕ ತಗದು ನೋಡೀನಿ. ಎಲ್ಲಾ ಯಜಮಾನರವು. ಹೆಂಡ್ತಿ ಬಾಗಲಾಗ ಬಂದ್ರ ‘ಯಜಮಾನ್ರು ಬಂದ ಮ್ಯಾಲ ಬರ್ತೀನ್ರಿ’ ಅಂತ ಹುಡುಗ ವಾಪಸ್ ಹೋಗ್ತಿದ್ದ. ಮೀಟಿಂಗ್ ಎಲ್ಲಿ ಮಾಡ್ತಿದ್ರಿ? ಹನುಮಪ್ಪನ ಗುಡಿ ಕಟ್ಟಿ ಮ್ಯಾಲ, ಸಂಜಿ ಏಳಕ್ಕ. ಆ ಹೊತ್ತಿಗೆ ಯಾವ ಮನಿಯಾಗ ಹೆಂಗಸರಿಗೆ ಪುರುಸೊತ್ತು ಇರ್ತೈತಿ? ಬಂದ್ರೂ ಕಂಬದ ಮರಿಗೆ ನಿಲ್ಲತಿದ್ರು, ಮಾತಾಡಿದ್ದು ನಾನು ಕೇಳಿಲ್ಲ. ಅದಕ್ಕ ಮನಿಗೆ ಎರಡು ನಂಬರ್ ಸೇರಿಸಾಕ ಶುರು ಮಾಡೀನಿ. ಓವರ್‌ಹೆಡ್ ಟ್ಯಾಂಕ್ ತೊಳೀದ ಎಷ್ಟು ತಿಂಗಳಾತು ಅಂತ ಮೊದಲು ಕೇಳ್ದಾಕಿ ಯಾರು ಹೇಳ್ರಿ? ಎರಡನೇ ಕ್ರಾಸಿನ ಅಮ್ಮ. ಆಕಿಗೆ ಬರಿಯಾಕ ಬರಂಗಿಲ್ಲ. ವಾಯ್ಸ್ ಮೆಸೇಜ್ ಹಾಕಿದ್ಲು. ಬಕೆಟ್ಟಿನಾಗ ಹುಳ ಅದಾವು, ಬಂದು ನೋಡ್ರಿ ಅಂದ್ಲು. ಕುಕ್ಕರ್ ಸೀಟಿ ಹಿಂದ ಕೇಳ್ತಿತ್ತು. ಅಡಿಗಿ ಮನಿಯಾಗ ನಿಂತು ಮಾತಾಡಿದ್ಲು ಆಕಿ, ಎರಡು ದಿನದಾಗ ಟ್ಯಾಂಕ್ ತೊಳಿಸಿದ್ವಿ. ಹತ್ತು ವರ್ಷದ ಮೀಟಿಂಗಿನಾಗ ಆಕಿ ದನಿ ನೀವು ಕೇಳೀರೇನ್ರಿ?

ಹಿರಿಯರು: ಕೇಳಿಲ್ಲ.

ಇಲ್ಲಿ ಅವರು ಸ್ವಲ್ಪ ಹೊತ್ತು ಬೇರೇನೂ ಹೇಳಲಿಲ್ಲ. ಕಟ್ಟೆಯ ಸಭೆಯನ್ನು ಹೊಗಳುವ ನಮ್ಮಂಥವರು ಈ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ಮುಖಾಮುಖಿ ಕೂತು ಮಾತಾಡುವುದು ದೊಡ್ಡದು, ನಿಜ. ಆದರೆ ಕಟ್ಟೆಯ ಮೇಲೆ ಜಾಗ ಇದ್ದದ್ದು ಯಾರ ಮುಖಕ್ಕೆ?

ಹಿರಿಯರು: ಆ ಅಮ್ಮನ ಮಾತನ್ನ ನೀನು ತಂದಿ, ನಾನು ಇನ್ನೊಬ್ಬಾಕಿ ಮಾತು ತರ್ತೀನಿ. ವಂತಿಗೆ ಬಾಕಿ ಪಟ್ಟಿ ಗ್ರೂಪಿಗೆ ಹಾಕಿದ್ರಲ್ಲ, ನಿನಗಿಂತ ಮೊದಲಿನ ಕಮಿಟಿಯವ್ರು. ಮನಿ ನಂಬರು, ಹೆಸರು, ಎಷ್ಟು ತಿಂಗಳು, ಎಷ್ಟು ರೂಪಾಯಿ. ಗಂಡ ತೀರಿಕೊಂಡು ವರ್ಷ ಆಗಿರಲಿಲ್ಲ ಆಕಿಗೆ. ಹೊಸಪೇಟೆಯಾಗ ಇದ್ದ ಆಕಿ ನಾದಿನಿಗೆ ಸಂಜಿಯೊಳಗ ಆ ಪಟ್ಟಿ ಮುಟ್ಟಿತ್ತು. ಆಮ್ಯಾಲ ಆಕಿ ದುಡ್ಡು ಕಟ್ಟಿದ್ಲು. ಸಂಘದ ಒಂದು ಕಾರ್ಯಕ್ರಮಕ್ಕೂ ಬರಲಿಲ್ಲ. ಮನಿ ಮಾರಾಕ ಇಟ್ಟಾಳಂತ ಕೇಳೀನಿ.

ಕಾರ್ಯದರ್ಶಿ: ಅದು ಕ್ರೂರ. ಆದ್ರ ಸರ, ಬಾಕಿದಾರರ ಪಟ್ಟಿ ಗುಡಿ ಮುಂದಿನ ಬೋರ್ಡಿಗೆ ಮೊದಲು ಹಚ್ಚಿದೋರು ನೀವು. ನಾನು ಕಾಲೇಜಿಗೆ ಹೋಗುವಾಗ ನೋಡೀನಿ, ಸುಣ್ಣದ ಗ್ವಾಡಿ ಮ್ಯಾಲ ಹಾಳಿ ಅಂಟಿಸಿದ್ರು.

ಹಿರಿಯರು: ಹಚ್ಚೀನಿ. ಒಂದು ವಾರಕ್ಕ ತಗದೀನಿ. ಓಣಿಯವ್ರಿಗೆ ಮಾತ್ರ ಕಂಡಿತ್ತು ಅದು. ನಿನ್ನ ಫೋನಿಗೆ ಹಾಕಿದ್ದನ್ನ ಯಾರು ತಗೀಬೇಕು? ತಗದ್ರೂ ಫೋಟೊ ಹೊಡ್ಕೊಂಡಿರ್ತಾರ. ಇನ್ನೊಂದು ಹೇಳ್ತೀನಿ. ಮೂರನೇ ಕ್ರಾಸಿನಾಗ ಸೈಕಲ್ ಕಳುವಾದಾಗ ಸಿಸಿಟಿವಿ ಚಿತ್ರ ಹಾಕಿ ‘ಕಳ್ಳನ್ನ ಗುರುತಿಸ್ರಿ’ ಅಂದ್ರು. ಹಾಲು ಹಾಕೋ ಹುಡುಗ ಅವ. ಸೈಕಲ್ ಆಮ್ಯಾಲ ಸೈಕಲ್ ಮಾಲಕರ ತಮ್ಮನ ಮನಿಯಾಗ ಸಿಕ್ತು. ಹುಡುಗನ ಚಿತ್ರ ಎಷ್ಟು ಫೋನಿನಾಗ ಉಳೀತೋ ದೇವರಿಗೇ ಗೊತ್ತು. ಬೀದರ್ ಜಿಲ್ಲೆ ಮುರ್ಕಿಯಾಗ 2018ರ ಜುಲೈನಾಗ ಏನಾತು ಓದೀದಿಯಲ್ಲ? ಕಾರಿನಾಗ ಬಂದೋರು ಮಕ್ಕಳಿಗೆ ಚಾಕಲೇಟ್ ಕೊಟ್ರು ಅಂತ, ಮಕ್ಕಳ ಕಳ್ಳರು ಅನ್ನೋ ಸುದ್ದಿ ವಾಟ್ಸಾಪಿನಾಗ ಕಾರಿಗಿಂತ ಮುಂದ ಓಡ್ತು. ರಸ್ತೆಗೆ ಅಡ್ಡ ಹಾಕಿ ಜನ ಬಡದ್ರು. ಹೈದರಾಬಾದಿನಿಂದ ಬಂದಿದ್ದ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತೇ ಹೋದ. ಪೊಲೀಸ್ರು ಹಿಡಿದೋರೊಳಗ ಗ್ರೂಪ್ ಅಡ್ಮಿನ್ ಕೂಡ ಇದ್ದ.

ಕಾರ್ಯದರ್ಶಿ: ಅದಾದ ತಿಂಗಳ ವಾಟ್ಸಾಪ್‌ನವ್ರು ಭಾರತದಾಗ ಒಂದು ಮೆಸೇಜನ್ನ ಒಂದೇ ಸಲಕ್ಕ ಐದು ಕಡೆಗಿಂತ ಹೆಚ್ಚು ಕಳಿಸಂಗಿಲ್ಲ ಅಂತ ಮಿತಿ ಹಾಕಿದ್ರು. ಸಾಲದು, ಗೊತ್ತೈತಿ. ಆದ್ರ 2024ರ ಆಗಸ್ಟ್ 10ರ ರಾತ್ರಿ ನೆನಪು ಮಾಡ್ಕೋರಿ. ಡ್ಯಾಮಿನ 33 ಗೇಟಿನಾಗ 19ನೇದು ಚೈನ್ ಹರದು ಕೊಚ್ಚಿಕೊಂಡು ಹೋತು. ಡ್ಯಾಮ್ ಒಡದೇ ಹೋತು ಅನ್ನೋ ಗುಲ್ಲು ನಮ್ಮ ಗ್ರೂಪಿಗೂ ಬಂತು, ನಿಮ್ಮ ಕಟ್ಟಿಗೂ ಬಂತು. ಕಂಪ್ಲಿ ಕಡೆ ಮಗಳನ್ನ ಕೊಟ್ಟೋರು ನಡುರಾತ್ರಿ ಅಳ್ತಾ ಫೋನ್ ಮಾಡಿದ್ರು. ನಾನು ಜಿಲ್ಲಾಡಳಿತದ ಪ್ರಕಟಣೆ ಸಿಕ್ಕ ತಕ್ಷಣ ಗ್ರೂಪಿಗೆ ಹಾಕಿ, ಅಡ್ಮಿನ್ ಬಿಟ್ಟು ಬೇರೆ ಯಾರೂ ಬರಿಯದಂಗ ಮಾಡಿದೆ. ಮುಂಜಾನೆ ತನಕ ಒಂದು ಸುಳ್ಳು ಸುದ್ದಿ ಬರಲಿಲ್ಲ. ಕಟ್ಟಿ ಮ್ಯಾಲಿನ ಗುಲ್ಲಿಗೆ ಹಂಗ ಬೀಗ ಹಾಕಾಕ ಬರ್ತೈತೇನ್ರಿ?

ಹಿರಿಯರು: ಆ ರಾತ್ರಿ ನೀನು ಮಾಡಿದ್ದು ಸರಿ. ಆದ್ರ ಆ ಬೀಗ ಆಮ್ಯಾಲ ತಗದ್ಯಾ?

ಕಾರ್ಯದರ್ಶಿ: ಒಂದು ವಾರ ತಗದೆ. ಗುಡ್ ಮಾರ್ನಿಂಗ್ ಹೂವು, ಪಕ್ಷದ ಜಗಳ, ಸಾಲದ ಜಾಹೀರಾತು. ನೀರಿನ ಮೆಸೇಜು ಅದ್ರಾಗ ಮುಳುಗಿ ಹೋತು. ಮತ್ತ ಹಾಕಿದೆ.

ಹಿರಿಯರು: ನೋಡವ್ವಾ, ನನಗ ಅಂಜಿಕಿ ಇರೋದು ಇಲ್ಲೇ. ಮೈಲಾರದ ಡೆಂಕನಮರಡಿಯಾಗ ಗೊರವಯ್ಯ ಬಿಲ್ಲು ಏರಿ ‘ಸದ್ದಲೇ’ ಅಂದ್ರ ಲಕ್ಷಗಟ್ಟಲೆ ಜನ ಉಸಿರು ಹಿಡೀತಾರ. ಒಂದು ವಾಕ್ಯದ ಕಾರಣಿಕ ಬರ್ತೈತಿ, ಅಷ್ಟ. ಅದು ದೇವರ ಮಾತು ಅಂತ ನಂಬೀವಿ, ತಿರುಗಿ ಕೇಳಂಗಿಲ್ಲ. ಸಂಘದ ಕಮಿಟಿ ಹಂಗ ಮಾತಾಡಬಾರದು. ಟ್ಯಾಂಕರಿಗೆ ಇಷ್ಟು ಖರ್ಚಾತು ಅಂತ ನೀನು ಹಾಕ್ತಿ, ಕೆಳಗ ಯಾರೂ ಏನೂ ಬರಿಯಾಕ ಬರಂಗಿಲ್ಲ. ಬಾಯಿ ಬಿಟ್ರ ಗದ್ದಲ, ಬಾಯಿ ಕಟ್ಟಿದ್ರ ಕಾರಣಿಕ. ನಡುವೆ ಎಲ್ಲಿ ನಿಲ್ತೈತಿ ನಿನ್ನ ಗ್ರೂಪು?

ಕಾರ್ಯದರ್ಶಿ: ಕಾರಣಿಕ ಮುಗಿದ ಗಳಿಗ್ಯಾಗ ಮಳಿಗೆ ಒಂದು ಅರ್ಥ, ರಾಜಕೀಯಕ್ಕ ಒಂದು ಅರ್ಥ ಅಂತ ಜನ ಹೇಳ್ಕೋತ ಹೊಂಟೇ ಬಿಡ್ತಾರಲ್ರಿ. ಬಾಯಿ ಯಾರೂ ಕಟ್ಟಾಕ ಆಗಂಗಿಲ್ಲ. ಅದಕ್ಕ ಎರಡು ಗ್ರೂಪ್ ಮಾಡೋಣ. ಒಂದು ಪ್ರಕಟಣೆಗೆ, ಒಂದು ಮಾತಿಗೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಾಗ ನಮ್ಮಕ್ಕ ಅದಾಳ, ಅಲ್ಲಿ ಮೈಗೇಟ್ ಆ್ಯಪಿನಾಗ ದೂರು ಬರದ್ರ ಯಾವತ್ತು ಬರದ್ರಿ, ಯಾವತ್ತು ಸರಿ ಆತು ಎಲ್ಲಾ ಉಳೀತೈತಿ. ಹಳ್ಳಿ ಕಡೆಗೂ ಬಂದೈತಿ ಇದು. ಗ್ರಾಮ ಪಂಚಾಯಿತಿ ಸೇವೆ, ದೂರಿಗೆ ಅಂತ ಸರ್ಕಾರ 2024ರಾಗ ‘ಪಂಚಮಿತ್ರ’ ವಾಟ್ಸಾಪ್ ಚಾಟ್ ಮಾಡೈತಿ.

ಹಿರಿಯರು: ಮಾಡೈತಿ. ಅದನ್ನ ಮಾಡಿದ ಮ್ಯಾಲ ಗ್ರಾಮಸಭೆ ಬ್ಯಾಡ ಅಂದೈತೇನು? 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಜನ ಕೂಡಲೇಬೇಕು. ದೂರಿಗೆ ಫೋನು, ತೀರ್ಮಾನಕ್ಕ ಸಭೆ. ನಿನ್ನ ಠರಾವಿನಾಗ ‘ತೀರ್ಮಾನ’ ಅನ್ನೋ ಮಾತೂ ಸೇರೈತಿ, ಅದಕ್ಕ ನಾನು ತಕರಾರು ತಗೀತೀನಿ. ಹೋದ ವರ್ಷ ವಾಚ್‌ಮನ್ನನ್ನ ತಗೀಬೇಕೋ ಇಟ್ಕೋಬೇಕೋ ಅಂತ ಗ್ರೂಪಿನಾಗ ಪೋಲ್ ಇಟ್ರಿ. ಒಂದು ರಾತ್ರಿಯಾಗ ಮುಗೀತು. ಓಟು ಹಾಕಿದೋರೊಳಗ ಅರ್ಧ ಜನ ಸೈಟು ಇಲ್ಲಿಟ್ಟು ಬೆಂಗಳೂರಾಗ, ದುಬೈದಾಗ ಇರೋರು. ಆ ಮುದುಕ ರಾತ್ರಿ ಮೂರಕ್ಕ ಎದ್ದು ವಾಲ್ವ್ ತಿರುವಿ ಅವ್ರ ಮನಿಗೆ ನೀರು ಬಿಡ್ತಿದ್ದ ಅನ್ನೋದು ಅವ್ರಿಗೆ ಗೊತ್ತೇ ಇರಲಿಲ್ಲ. ಕಟ್ಟಿ ಮ್ಯಾಲ ಅವ ಎದುರಿಗೆ ಕುಂತಿದ್ರ, ಅವನ ಮುಖ ನೋಡಿ ‘ತಗೀರಿ’ ಅನ್ನಾಕ ಎಷ್ಟು ಜನರಿಗೆ ಧೈರ್ಯ ಬರ್ತಿತ್ತು?

ಕಾರ್ಯದರ್ಶಿ: ಮುಖ ನೋಡಿ ಸುಮ್ಮನಾಗೋದು ಯಾವಾಗ್ಲೂ ನ್ಯಾಯ ಅಲ್ರಿ ಸರ. ಪಾರ್ಕಿನ ಜಾಗದಾಗ ಒಬ್ರು ಕಾರು ನಿಲ್ಲಿಸ್ಕೊಂಡು ಮೂರು ವರ್ಷ ಇದ್ರು. ಕಟ್ಟಿ ಮ್ಯಾಲ ಅವ್ರು ಕುಂತಾಗ ಒಬ್ರೂ ಬಾಯಿ ಬಿಡಲಿಲ್ಲ. ನೀವೂ ಬಿಡಲಿಲ್ಲ. ಗ್ರೂಪಿನಾಗ ಒಬ್ಬ ಹುಡುಗ ಫೋಟೊ ಹಾಕ್ದ, ಮರುದಿನ ಕಾರು ಹೋತು.

ಹಿರಿಯರು: ಆ ಹುಡುಗ ಮೂರು ತಿಂಗಳು ಆ ಓಣಿಯಾಗ ಹಾಯಂಗಿರಲಿಲ್ಲ, ಅದನ್ನೂ ಹೇಳು.

ಕಾರ್ಯದರ್ಶಿ: ಹೌದ್ರಿ. ಅದೂ ನಿಜ.

ಅಡ್ಮಿನ್ ಆದವರಿಗೆ ಜೈಲಿನ ಭಯವಿದೆ ಎಂಬ ಮಾತು ನಡುವೆ ಬಂದು ಬೇಗ ಮುಗಿಯಿತು. ಸದಸ್ಯರು ಹಾಕಿದ ಆಕ್ಷೇಪಾರ್ಹ ಸಂದೇಶಕ್ಕೆ ಅಡ್ಮಿನ್ ಆದ ಮಾತ್ರಕ್ಕೆ ಹೊಣೆಯಾಗುವುದಿಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಹಿರಿಯರಿಗೂ ಅದು ಗೊತ್ತಿತ್ತು. ಅವರ ಚಿಂತೆ ದಾಖಲೆಯ ಬಗ್ಗೆ.

ಹಿರಿಯರು: ಹಿಂದಿನ ಕಾರ್ಯದರ್ಶಿ ಜಗಳ ಆಡಿ ಬಿಟ್ಟು ಹೋಗುವಾಗ ಎಲ್ಲಾರನ್ನೂ ಗ್ರೂಪಿನಿಂದ ತಗದು ಹಾಕಿದ್ರು. ನಾವು ಕೊಟ್ಟ ದುಡ್ಡಿನ ರಸೀದಿ, ಬೋರ್‌ವೆಲ್ ಬಿಲ್ಲು ಅವ್ರ ಫೋನಿನಾಗ ಉಳದ್ವು. ಸಂಘದ ಕಾಗದಪತ್ರ ಒಬ್ಬರ ಕಿಸೇದಾಗ ಇರಬಾರದು. ಅಮೆರಿಕದ ಒಂದು ಕಂಪನಿ ಕೈಯಾಗಂತೂ ಇರಬಾರದು. 2021ರ ಅಕ್ಟೋಬರ್ 4ರ ರಾತ್ರಿ ವಾಟ್ಸಾಪ್, ಫೇಸ್‌ಬುಕ್ ಎಲ್ಲಾ ಆರು ತಾಸು ಬಂದ್ ಆಗಿದ್ವು, ಮರ್ತಿಯೇನು? ನಂಬರಿನ ಪಟ್ಟಿ ಪಿಡಿಎಫ್ ಮಾಡಿ ಹಾಕಿದ ವಾರದಾಗ ಪ್ಲಾಟಿನ ದಲ್ಲಾಳಿಗಳ ಫೋನು ಶುರುವಾದ್ವು. ಒಬ್ಬ ಹೆಣ್ಮಗಳಿಗೆ ರಾತ್ರಿ ಮೆಸೇಜ್ ಬಂದು ಆಕಿ ಸಿಮ್ ಬದಲು ಮಾಡಬೇಕಾತು. ಇಂಥಾದ್ದಕ್ಕ ಅಂತ ಪಾರ್ಲಿಮೆಂಟು 2023ರಾಗ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಮಾಡೈತಿ. ನಮಗ ಎದುರು ಮನಿಯವ್ರ ನಂಬರ್ ಕಾಯಾಕ ಬರವಲ್ದು.

ಕಾರ್ಯದರ್ಶಿ: ನಂಬರಿನ ವಿಷಯದಾಗ ನಿಮ್ಮ ಮಾತು ಪೂರಾ ಒಪ್ತೀನಿ. ಪಟ್ಟಿ ಹಾಕೋದು ಬಂದ್. ರಸೀದಿ ಎಲ್ಲಾ ಸಂಘದ ಹೆಸರಿನ ಇ-ಮೇಲ್‌ನಾಗ ಇಟ್ಟು, ಪಾಸ್‌ವರ್ಡ್ ಮೂರು ಜನರ ಹತ್ರ ಇಡೋಣ. ಆದ್ರ ನಿಮ್ಮ ಠರಾವು ಪುಸ್ತಕ ಎಲ್ಲಿ ಐತ್ರಿ ಈಗ?

ಹಿರಿಯರು: ನಮ್ಮ ಮನಿ ಅಲಮಾರಿಯಾಗ.

ಕಾರ್ಯದರ್ಶಿ: ಕೀಲಿ?

ಹಿರಿಯರು: ನನ್ನ ಹತ್ರ. ಯಾರು ಕೇಳಿದ್ರೂ ತೋರಿಸೀನಿ.

ಕಾರ್ಯದರ್ಶಿ: ಕೇಳಾಕ ಯಾರು ಬಂದ್ರು ಸರ? ನಿಮ್ಮ ಮನಿ ಮೆಟ್ಟಲಾ ಹತ್ತಿ, ‘ಲೆಕ್ಕದ ಪುಸ್ತಕ ತೋರಸ್ರಿ’ ಅನ್ನಬೇಕಂದ್ರ ನಿಮ್ಮ ಮ್ಯಾಲ ಸಂಶಯ ಪಟ್ಟಂಗ ಆಗ್ತೈತಿ ಅಂತ ಜನ ಸುಮ್ಮನ ಇದ್ರು. ನಾನೂ ಇದ್ದೆ. ಗ್ರೂಪಿಗೆ ತಿಂಗಳ ಲೆಕ್ಕ ಹಾಕಿದಾಗ ಯಾರೂ ಯಾರನ್ನೂ ಕೇಳೋ ಪ್ರಸಂಗ ಬರಲಿಲ್ಲ. ನಿಮ್ಮ ಮ್ಯಾಲಿನ ಗೌರವದಿಂದ ಹೇಳ್ತೀನಿ ಇದನ್ನ.

ಹಿರಿಯರು: ಗೊತ್ತಾತು. ಹಂಗಾರ ಹಿಂಗ ಮಾಡು. ಸುದ್ದಿ, ದೂರು, ತಿಂಗಳ ಲೆಕ್ಕ ಗ್ರೂಪಿಗೆ ಬರ್ಲಿ. ವಂತಿಗೆ ಏರಿಸೋದು, ಜಾಗದ ವಿಷಯ, ಕೆಲಸದೋರನ್ನ ತಗಿಯೋದು, ಈ ಮೂರಕ್ಕ ಪುಸ್ತಕ ಹೋಗಬೇಕು, ಸಭೆ ಕೂಡಬೇಕು. ಪೋಲಿನಿಂದ ಏನೂ ನಿರ್ಧಾರ ಆಗಬಾರದು.

ಕಾರ್ಯದರ್ಶಿ: ಗುಳೆ ಹೋದ ಮನಿಯವ್ರು ಆ ಸಭೆಗೆ ಹೆಂಗ ಬರ್ತಾರ? ದುಬೈದೋರನ್ನ ಬಿಡ್ರಿ, ಇವ್ರ ಮಾತು ಹೇಳ್ರಿ. ಕಬ್ಬಿನ ಗದ್ದಿಯಾಗ ನಿಂತು ವಿಡಿಯೊ ಕಾಲಿನಾಗ ಕೈ ಎತ್ತಿದ್ರ ಎಣಿಸ್ತೀರೇನ್ರಿ?

ಹಿರಿಯರು: ಅವ್ರದ್ದು ಎಣಿಸೋಣ. ದುಬೈದೋರದ್ದು ಎಣಿಸಬಾರದು ಅನ್ನಾಕ ನನಗ ಕಾರಣ ಸಿಗವಲ್ದು. ಅದನ್ನ ವಿಚಾರ ಮಾಡಬೇಕು.

ಕಾರ್ಯದರ್ಶಿ: ಮತ್ತ ಬಾಡಿಗಿ ಮನಿಯವ್ರು? ನಲವತ್ತು ಮನಿ ಬಾಡಿಗಿಯವು. ಅದೇ ನೀರು ಕುಡೀತಾರ, ವಂತಿಗೆ ಅವ್ರ ಕಟ್ತಾರ. ಪುಸ್ತಕದಾಗ ಅವ್ರ ಸಹಿಗೆ ಜಾಗ ಇಲ್ಲ. ಗ್ರೂಪಿಗೆ ಸೇರಿಸ್ತೀನಿ ಅಂದಾಗ ಮಾಲಕರು ಜಗಳಕ್ಕ ಬಂದ್ರು.

ಹಿರಿಯರು: ಬೈಲಾದಾಗ ಸದಸ್ಯ ಅಂದ್ರ ಮಾಲಕ ಅಂತ ಐತಿ. ಅದನ್ನ ಬದಲು ಮಾಡಬೇಕಾದ್ರ ಸಾಮಾನ್ಯ ಸಭೆ ಒಪ್ಪಬೇಕು.

ಕಾರ್ಯದರ್ಶಿ: ಹಂಗಾರ ಅಜೆಂಡಾದಾಗ ಅದನ್ನೂ ಹಾಕ್ತೀನಿ. ಈ ಸಲದ ನೋಟಿಸು ಎರಡೂ ಕಡೆ ಹೋಗ್ಲಿ, ಗ್ರೂಪಿಗೂ ಮನಿಗೂ. ಹುಡುಗನ್ನ ಕಳಿಸೋದು ಬ್ಯಾಡ, ನಾವಿಬ್ರೂ ಹೋಗೋಣ. ಬಾಡಿಗಿ ಮನಿ ಬಾಗಲಾನೂ ಬಡೀತೀರೇನ್ರಿ?

ಹಿರಿಯರು: ಬಡೀತೀನಿ. ಹೆಂಗಸರು ಬಂದ್ರ ಅವ್ರಿಗೇ ಓದಿ ಹೇಳ್ತೀನಿ, ಯಜಮಾನರನ್ನ ಕರೀರಿ ಅನ್ನಂಗಿಲ್ಲ. ಬೈಲಾ ಬದಲಾಗೋ ತನಕ ಬಾಡಿಗಿಯವ್ರ ಸಹಿ ಮಾತ್ರ ತಗೊಳಂಗಿಲ್ಲ.

ಕಾರ್ಯದರ್ಶಿ: ನೀವು ಸಹಿ ತಗೋಬ್ಯಾಡ್ರಿ. ನಾನು ಅಲ್ಲೇ ನಿಂತು, ಅವ್ರು ಬ್ಯಾಡ ಅನ್ನದಿದ್ರ, ನಂಬರ್ ಗ್ರೂಪಿಗೆ ಸೇರಿಸ್ತೀನಿ.

ಹಿರಿಯರು: ಸಭೆಯಾಗ ಅದಕ್ಕ ನಾನು ತಕರಾರು ತಗೀತೀನಿ.

ಕಾರ್ಯದರ್ಶಿ: ತಗೀರಿ ಸರ. ಸಭೆ ಸಂಜಿ ಏಳಕ್ಕ ಬ್ಯಾಡ, ಐತವಾರ ಮುಂಜಾನೆ ಹನ್ನೊಂದಕ್ಕ ಇಡೋಣ.